ಗಾದಿ ಕಳುವಿನ ಕೇಸು

ನಮ್ಮ ಊರಿನಲ್ಲಿ ರಾತ್ರಿಯ ಕನಸು ಅವರವರದು. ಮಧ್ಯಾಹ್ನದ ಕನಸು ಮಾತ್ರ ಗೋಡೆಯಾಚೆಯವರದು. ಇದು ಇಡೀ ಊರಿನ ಮಾತಲ್ಲ, ಜೈಲಿನ ಹಿಂದಿರುವ ನಮ್ಮ ಗೋಡೆ ಓಣಿಯ ಮಾತು. ಉಂಡು ಒಂದು ಗಳಿಗೆ ಅಡ್ಡಾದರೆ ಸಾಕು, ಜೈಲಿನ ಹಿಂಗೋಡೆಗೆ ಹತ್ತಿಕೊಂಡಿರುವ ಕೋಣೆಯಲ್ಲಿ ಯಾರು ಮಲಗಿದ್ದಾರೋ ಅವರ ಕನಸು ನಮಗೆ ಬೀಳುತ್ತದೆ. ನಾವು ಹುಟ್ಟುವ ಮೊದಲಿನಿಂದಲೂ ಹೀಗೇ ಇದೆ. ಯಾಕೆ ಎಂದು ಕೇಳಿದವರಿಗೆ ನನ್ನಪ್ಪ, "ನಿನಗ ಬ್ಯಾರೆ ಕೆಲಸ ಇಲ್ಲೇನು?" ಎನ್ನುತ್ತಿದ್ದ. ನಾನೂ ಅದನ್ನೇ ಹೇಳುತ್ತೇನೆ.

ಇದರಿಂದ ಓಣಿಯಲ್ಲಿ ಬಾಡಿಗೆ ಕಡಿಮೆ. ಬಸುರಿ ಹೆಂಗಸರು ಉಂಡ ಮೇಲೆ ಪಕ್ಕದ ಓಣಿಗೆ ಹೋಗಿ ಮಲಗಿ ಬರುತ್ತಾರೆ. ಮಕ್ಕಳನ್ನು ಮಧ್ಯಾಹ್ನ ಮಲಗಿಸುವ ರೂಢಿಯೇ ಇಲ್ಲ, ಹಾಗಾಗಿ ನಮ್ಮ ಮಕ್ಕಳು ಸಂಜೆಯಾಗುತ್ತಲೂ ರಗಳೆ ತೆಗೆಯುತ್ತವೆ. ಹೊಸದಾಗಿ ಬಂದ ಸೊಸೆ ಮೊದಮೊದಲು ಹೆದರಿ ಎದ್ದು ಕೂತರೆ, ಅತ್ತೆ ಒಂದು ತಂಬಿಗೆ ನೀರು ಕೊಟ್ಟು, "ಅದು ನಿಂದಲ್ಲ, ಬಿಡು" ಎನ್ನುತ್ತಾಳೆ. ಯಾರನ್ನಾದರೂ ಸಮಾಧಾನ ಮಾಡಬೇಕಾದರೆ ನಮ್ಮಲ್ಲಿ ಇದೊಂದೇ ಮಾತು. ಸತ್ತವರ ಮನೆಯಲ್ಲೂ ಕೆಲವರು ಬಾಯಿ ತಪ್ಪಿ ಇದನ್ನೇ ಹೇಳಿ ಬೈಸಿಕೊಂಡಿದ್ದಾರೆ.

ಊರಿನ ಕೋರ್ಟು ಇದನ್ನು ಉಪಯೋಗಕ್ಕೆ ಹಚ್ಚಿಕೊಂಡಿದೆ. ಗುನ್ನೆ ಮಾಡಿದವನ ತಲೆ ಸರಿಯಿಲ್ಲ ಎಂದೋ, ಕುಡಿತ ಅವನನ್ನು ತಿಂದುಹಾಕಿದೆ ಎಂದೋ ಅನುಮಾನ ಬಂದರೆ ಅವನನ್ನು ಮೂರು ಮಧ್ಯಾಹ್ನ ಆ ಗೋಡೆ ಕೋಣೆಯಲ್ಲಿ ಇಡುತ್ತಾರೆ. ಓಣಿಯವರು ಮಲಗಿ ಎದ್ದು, ಕಂಡದ್ದನ್ನು ನ್ಯಾಯಾಧೀಶರ ಮುಂದೆ ಹೋಗಿ ಹೇಳಬೇಕು. ಕನಸು ಜಡ್ಡಿನದಾದರೆ ಅವನು ಕೆರೆಯಾಚೆಯ ಆರೈಕೆ ಮನೆಗೆ ಹೋಗುತ್ತಾನೆ. ಅಲ್ಲಿ ಡಾಕ್ಟರು, ಔಷಧ, ಕಿಟಕಿಗೆ ಪರದೆ, ಮಾತಾಡಿಸುವ ಜನ. ಕನಸು ನೆಟ್ಟಗಿದ್ದರೆ, ಅಥವಾ ಕನಸೇ ಬೀಳದಿದ್ದರೆ, ಜೈಲಿನ ಒಳಸಾಲಿಗೆ. ಒಡಹುಟ್ಟಿದವರ ನಿದ್ದೆ, ಕೇಸು ಹಾಕಿದವರ ನಿದ್ದೆ ಲೆಕ್ಕಕ್ಕಿಲ್ಲ. ಗೋಡೆ ಸಾಕ್ಷಿಯಲ್ಲಿ ಸುಳ್ಳು ಹೇಳಿದವರು ನಮ್ಮ ಓಣಿಯಲ್ಲಿ ಇರಲಿಲ್ಲ. ನಮಗಿದ್ದ ಮರ್ಯಾದೆ ಅದೊಂದೇ.

ನಾನು ದಾವಲಬಿ. ಗಾದಿ ಮಾಡುವುದು ನಮ್ಮ ಮನೆತನದ ಕಸುಬು. ಅಪ್ಪ ಬಿಲ್ಲಿನಲ್ಲಿ ಅರಳೆ ಹಿಂಜುತ್ತಿದ್ದ, ನನ್ನ ಕಾಲಕ್ಕೆ ಮಷೀನು ಬಂತು. ನನ್ನ ಗಂಡ ತೀರಿಕೊಂಡ ಮೇಲೆ ಆ ಮಷೀನನ್ನು ನಡೆಸಿದವನು ನನ್ನ ತಮ್ಮ ಇಮಾಮ. ಒಂದು ದಿನ ಅದು ಅವನ ಎಡಗೈಯ ಎರಡು ಬೆರಳನ್ನು ಕಚ್ಚಿಕೊಂಡು ಹೋಯಿತು. ನೋವು ಮರೆಯಲಿಕ್ಕೆ ಎಂದು ಯಾರೋ ಸರಾಯಿ ಕುಡಿಸಿದರು. ಗಾಯ ಒಣಗಿತು, ಸರಾಯಿ ನಿಲ್ಲಲಿಲ್ಲ. ಆ ಕೈಗೆ ಪಟ್ಟಿ ಕಟ್ಟಿ, ಬಿಚ್ಚಿ, ತೊಳೆದವಳು ನಾನು. ಆ ಕೈಯನ್ನು ಕತ್ತಲೆಯಲ್ಲಿ ಕೊಟ್ಟರೂ ಗುರುತಿಸಬಲ್ಲೆ.

ಇಮಾಮ ಎರಡು ಸಲ ಗೋಡೆ ಕೋಣೆ ಕಂಡಿದ್ದ. ಎರಡು ಸಲವೂ ಓಣಿಯವರು ಉಂಡು ಮಲಗಿ, ಏನೂ ಕಾಣದೆ ಎದ್ದಿದ್ದರು. ಕಾರಣ ಸರಳ, ಕುಡಿತ ಒಮ್ಮೆಲೇ ನಿಂತವನಿಗೆ ನಿದ್ದೆಯೇ ಬರುವುದಿಲ್ಲ. ನಡುಗುತ್ತಾನೆ, ಬೆವರುತ್ತಾನೆ, ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸುತ್ತಾನೆ, ಕಣ್ಣು ಮಾತ್ರ ಮುಚ್ಚುವುದಿಲ್ಲ. ನಿದ್ದೆಯಿಲ್ಲದವನಿಗೆ ಕನಸೆಲ್ಲಿಂದ ಬರಬೇಕು? "ಏನೂ ಬೀಳಲಿಲ್ಲ ಸಾಹೇಬ್ರ" ಎಂದು ಓಣಿಯವರು ನಿಜವನ್ನೇ ಹೇಳಿದರು, ಕೋರ್ಟು ನಿಯಮದಂತೆ ಅವನನ್ನು ಒಳಸಾಲಿಗೆ ಹಾಕಿತು. ಎರಡನೆಯ ಸಲ ಅಲ್ಲಿ ಫಿಟ್ಸ್ ಬಂದು ಕಲ್ಲಿನ ನೆಲಕ್ಕೆ ಬಿದ್ದು ಮುಂದಿನ ಹಲ್ಲು ಹೋದವು. ಅವನಿದ್ದ ಸಾಲಿನಲ್ಲೇ ಇನ್ನೊಬ್ಬ ಕುಡುಕ ಹಾಗೆಯೇ ಬಿದ್ದವನು ಏಳಲಿಲ್ಲ. ಮೂರನೆಯ ಸಲ ಒಳಗೆ ಹೋದರೆ ಇಮಾಮ ಬದುಕುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಮೂರನೆಯ ಸಲ ಬಂತು. ನಮ್ಮ ಓಣಿಯ ಗಟಾರದ ಕಬ್ಬಿಣದ ಮುಚ್ಚಳವನ್ನು ಕಿತ್ತು ಗುಜರಿಗೆ ಮಾರಿ ಕುಡಿದ. ಮರುದಿನ ನಸುಕಿನಲ್ಲಿ ಹಾಲು ಹಾಕಲು ಹೊರಟ ಬಾಳವ್ವ ಆ ಗಟಾರದಲ್ಲಿ ಬಿದ್ದು ಕಾಲು ಮುರಿದುಕೊಂಡಳು. ಮುಚ್ಚಳ ಮುನಿಸಿಪಾಲಿಟಿಯದು, ಕೇಸು ಹಾಕಿದ್ದೂ ಅದೇ. ಬಾಳವ್ವ ನಮ್ಮ ಎದುರು ಮನೆಯವಳು, ಒಂದು ಎಮ್ಮೆಯ ಮೇಲೆ ಸಂಸಾರ ನಡೆಸುವವಳು. ನಾನು ತಪ್ಪು ಒಪ್ಪಿಕೊಳ್ಳಲು ಹೋದಾಗ ಅವಳು ಪ್ಲಾಸ್ಟರ್ ಹಾಕಿದ ಕಾಲನ್ನು ತಲೆದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದಳು. ಆ ತಲೆದಿಂಬೂ ನಾನೇ ಮಾಡಿದ್ದು.

"ನಿನ್ನ ತಮ್ಮನ ಕನಸ ನನಗ ಬೀಳೂದ ಬ್ಯಾಡ ದಾವಲಬಿ," ಎಂದಳು. "ಬಿತ್ತಂದ್ರ ಬಿದ್ದಂಗ ಹೇಳತೀನಿ. ಬೀಳಲಿಲ್ಲಂದ್ರ ಬೀಳಲಿಲ್ಲ ಅಂತೀನಿ. ಒಂದು ಹೆಚ್ಚಿಲ್ಲ, ಒಂದು ಕಡಿಮಿಲ್ಲ."

ಅದಕ್ಕಿಂತ ಹೆಚ್ಚಿನದನ್ನು ಕೇಳುವ ಮುಖ ನನಗಿರಲಿಲ್ಲ.

ಮೊದಲ ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಅರಳೆಯ ರಾಶಿಯ ಪಕ್ಕದಲ್ಲೇ ಅಡ್ಡಾದೆ. ನನ್ನ ನಿದ್ದೆ ಲೆಕ್ಕಕ್ಕಿಲ್ಲದಿದ್ದರೂ ಬೀಳುವುದು ಬಿದ್ದೇ ಬೀಳುತ್ತದಲ್ಲ. ಏನೂ ಬರುವುದಿಲ್ಲ ಎಂದುಕೊಂಡಿದ್ದೆ. ಬಂತು. ಯಾರದೋ ಮನೆಯ ಹಿತ್ತಿಲು. ಅಲ್ಲಿ ನಾನು ಬರಿಗೈಯಲ್ಲಿ ತಗ್ಗು ತೋಡುತ್ತಿದ್ದೇನೆ. ಮನೆಯವರು ಸುತ್ತ ನಿಂತು ಒಂದೊಂದೇ ಸಾಮಾನು ಕೊಡುತ್ತಿದ್ದಾರೆ. ಬೀಸುವ ಕಲ್ಲು, ಕಂದೀಲು, ಬಾಗಿಲಿನ ಚಿಲಕ. ಎಲ್ಲವನ್ನೂ ತಗ್ಗಿನಲ್ಲಿ ಜೋಡಿಸುತ್ತೇನೆ. ಯಾರೂ ಅಳುತ್ತಿಲ್ಲ, ಯಾರೂ ಬೇಡ ಎನ್ನುತ್ತಿಲ್ಲ. ಕಡೆಗೆ ನಾನೇ ಇಳಿದು ಕೂತು ಮೇಲೆ ನೋಡಿ, "ಇನ್ನ ಮುಚ್ರಿ" ಎನ್ನುತ್ತೇನೆ. ಎಚ್ಚರವಾದಾಗ ಬಾಯಲ್ಲಿ ಮಣ್ಣಿನ ರುಚಿ ಇತ್ತು.

ಹೊರಗೆ ಬಂದರೆ ಓಣಿಯ ತುಂಬ ಅದೇ ಮಾತು. ನಿವೃತ್ತ ಕಾಶಪ್ಪ ಮಾಸ್ತರರು ಕಟ್ಟೆಯ ಮೇಲೆ ಕೂತು ನೀರು ಮುಕ್ಕಳಿಸುತ್ತಿದ್ದರು. ಓಣಿಯ ಸಾಕ್ಷಿಗಳಲ್ಲೆಲ್ಲ ಹಿರಿಯರು ಅವರು. ಕನಸನ್ನು ಪಾಠ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ ಎಂದು ಅವರಿಗೆ ಸಣ್ಣ ಜಂಬವೂ ಇತ್ತು. "ದಾವಲಬಿ, ಇಮಾಮಗ ನಿದ್ದಿ ಹತ್ತೇತಿ ನೋಡವಾ," ಎಂದರು. "ಭಾಳ ಕೆಟ್ಟ ಕನಸದು. ಇಷ್ಟೆಲ್ಲ ಒಳಗ ಇಟ್ಟಕೊಂಡಿದ್ದ ಅಂತ ನಮಗೇನ ಗೊತ್ತು."

ನಾನು ತಲೆಯಾಡಿಸಿದೆ. ಕನಸಿನಲ್ಲಿ ಮಣ್ಣು ತೋಡಿದ ಕೈಗಳು ನನ್ನ ಕಣ್ಣ ಮುಂದೆಯೇ ಇದ್ದವು. ಎರಡೂ ಕೈಗಳಲ್ಲಿ ಬೆರಳುಗಳು ಪೂರ್ತಿ ಇದ್ದವು.

ಸಂಜೆ ಬುತ್ತಿ ಒಯ್ದೆ. ಗೋಡೆ ಕೋಣೆಯಲ್ಲಿರುವವರಿಗೆ ಮನೆಯ ಊಟ ಕೊಡಲು ಬಿಡುತ್ತಾರೆ. ಇಮಾಮ ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿದ್ದ, ಅಂಗಿಯೆಲ್ಲ ಒದ್ದೆ. ರೊಟ್ಟಿ ಮುರಿಯಲೂ ಕೈ ನಿಲ್ಲುತ್ತಿರಲಿಲ್ಲ, ನಾನೇ ಸರಳಿನ ಸಂದಿಯಿಂದ ತುತ್ತು ಮಾಡಿ ಕೊಟ್ಟೆ.

"ಮಧ್ಯಾಹ್ನ ನಿದ್ದಿ ಬಂದಿತ್ತೇನೋ?" ಎಂದು ಕೇಳಿದೆ.

"ಎಲ್ಲಿ ನಿದ್ದಿ ಅಕ್ಕಾ. ಎವಿ ಸೈತ ಮುಚ್ಚಿಲ್ಲ."

ಅವನ ಕೋಣೆಯ ಹೊರಗೆ, ಅದೇ ಗೋಡೆಗೆ ತಾಗಿಸಿದ ಸ್ಟೂಲಿನ ಮೇಲೆ ಕಾವಲಿನ ಅಡಿವೆಪ್ಪ ಕೂತಿದ್ದ. ಊರಿಗೆಲ್ಲ ಬೇಕಾದ ಮನುಷ್ಯ ಅಡಿವೆಪ್ಪ. ಕೈದಿಗಳಿಗೂ ನಗುತ್ತಲೇ ಬಯ್ಯುತ್ತಾನೆ. ಒಳಸಾಲಿನ ರಾತ್ರಿ ಪಾಳಿಯಲ್ಲಿದ್ದಾಗ, ಇಮಾಮನಿಗೆ ಫಿಟ್ಸ್ ಬಂದರೆ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಳಗಿನವರೆಗೂ ಕೂತಿದ್ದವನು ಇವನೇ. ಗೋಡೆ ಕೋಣೆಯ ಕಾವಲಿನವರು ಮಧ್ಯಾಹ್ನ ಮಲಗಬಾರದೆಂಬ ಕಟ್ಟಪ್ಪಣೆಯಿದೆ. ಅದಕ್ಕಾಗಿ ಅವನು ತಂಬಾಕು ಸುಣ್ಣ ತಿಕ್ಕಿ ತಿಕ್ಕಿ ಅಂಗೈ ಕೆಂಪಗೆ ಮಾಡಿಕೊಂಡಿರುತ್ತಿದ್ದ. ಆ ಸಂಜೆ ಅವನ ಅಂಗೈ ಬೆಳ್ಳಗಿತ್ತು.

"ಅಡಿವೆಪ್ಪಣ್ಣ, ಇವತ್ತ ತಂಬಾಕ ತಿಂದಿಲ್ಲೇನು?" ಎಂದೆ.

ಅವನು ನನ್ನ ಮುಖ ನೋಡಿದ. ನನಗೆ ತಿಳಿದಿದೆ ಎನ್ನುವುದು ಅವನಿಗೂ ತಿಳಿಯಿತು. ಸ್ಟೂಲಿನಿಂದ ಎದ್ದು, ಇಮಾಮನಿಗೆ ಕೇಳಿಸದಷ್ಟು ದೂರ ನನ್ನನ್ನು ಕರೆದೊಯ್ದ.

"ಆ ಕನಸ ನಂದ ಹೌದು ತಂಗೆವ್ವ," ಎಂದ. "ಭಾಳ ವರ್ಷಾತು. ರಾತ್ರಿ ಬೀಳತೈತಿ, ಅದು ನನ್ನ ಹಣೆಬರಹ. ಹಗಲ ಹೊತ್ತು ಮಾತ್ರ ಯಾರಿಗೂ ತೋರಿಸಬಾರದಂತ ಇಷ್ಟು ದಿನ ಎಚ್ಚರ ಕುಂತೆ. ಈ ಸಲ ನಿನ್ನ ತಮ್ಮ ಒಳಗ ಹ್ವಾದ್ರ ಉಳಿಯೂದಿಲ್ಲ, ನಾನ ಕಣ್ಣಾರೆ ನೋಡೇನಲ್ಲ. ಅವನ ಹೆಸರಿನ ಮ್ಯಾಲ ಹೋಗಲಿ ಬಿಡು. ಈ ಹಾಳ ಕನಸು ಇಲ್ಲೀತನಾ ಯಾರಿಗೂ ಉಪಯೋಗ ಬಿದ್ದಿಲ್ಲ."

"ನೀ ಆರೈಕಿ ಮನಿಗೆ ಹೋಗಬಾರದ?"

ಅವನಿಗೆ ನಗು ಬಂತು. "ಹೋಗಿದ್ದೆ. ಗೇಟಿನಾಗ ಕುಂತಾವ, ನಿನ್ನ ಮ್ಯಾಲ ಏನು ಕೇಸ್ ಐತಿ ಅಂತ ಕೇಳಿದ. ಏನೂ ಇಲ್ಲಪಾ ಅಂದೆ. ಕೋರ್ಟಿನ ಆರ್ಡರ್ ಇಲ್ದ ಹೆಂಗ ತಗೊಳ್ಳೂದು, ಏನರ ಮಾಡಿ ಬಾ, ಅಂದ. ಇಬ್ಬರೂ ನಕ್ಕವಿ. ಚಾ ಕುಡಿಸಿ ಕಳಿಸಿದ."

ಅಂದು ನಾನು ಅವನ ಕೈ ಹಿಡಿದು ಅತ್ತೆ. ಅವನ ದುಃಖಕ್ಕೆ ಅತ್ತೆನೋ, ನನ್ನ ತಮ್ಮ ಉಳಿಯುತ್ತಾನೆಂಬ ಖುಷಿಗೆ ಅತ್ತೆನೋ, ಎರಡನ್ನೂ ಬೇರೆ ಮಾಡಲು ಆಗಲಿಲ್ಲ.

ಮತ್ತೆರಡು ಮಧ್ಯಾಹ್ನ ಅಡಿವೆಪ್ಪ ಗೋಡೆಗೆ ತಲೆಯಾನಿಸಿ ಮಲಗಿದ. ಓಣಿಯವರು ತಗ್ಗು ತೋಡಿ ತೋಡಿ ಎದ್ದರು. ಕೋರ್ಟಿನಲ್ಲಿ ಕಾಶಪ್ಪ ಮಾಸ್ತರರು ಬೀಸುವ ಕಲ್ಲಿನಿಂದ ಚಿಲಕದವರೆಗೆ ಒಂದನ್ನೂ ಬಿಡದೆ ಹೇಳಿದರು, ಗುಮಾಸ್ತ ಬರೆದುಕೊಂಡ. ಬಾಳವ್ವನನ್ನು ಕುರ್ಚಿಯ ಸಮೇತ ಎತ್ತಿ ತಂದಿದ್ದರು. ಅವಳು ಇಮಾಮನ ಕಡೆ ಒಮ್ಮೆಯೂ ನೋಡಲಿಲ್ಲ. "ಬಿದ್ದೈತ್ರಿ ಸಾಹೇಬ್ರ. ತಗ್ಗಿಂದ. ಖರೇನ ಬಿದ್ದೈತಿ," ಎಂದಳು. ಇಮಾಮನಿಗೆ ಆರೈಕೆ ಮನೆಗೆ ಆದೇಶವಾಯಿತು. ಮುರಿದ ಕಾಲಿನವಳ ಸತ್ಯದಿಂದ ನನ್ನ ತಮ್ಮ ಬದುಕಿಕೊಂಡ. ಅದು ಸತ್ಯವಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ.

ಆರೈಕೆ ಮನೆಯಲ್ಲಿ ಇಮಾಮ ಮನುಷ್ಯನಾಗುತ್ತ ಬಂದ. ಮೊದಲ ಕೆಲವು ದಿನ ಸೂಜಿ, ಗ್ಲುಕೋಸು. ಆಮೇಲೆ ಗಂಜಿ, ಆಮೇಲೆ ರೊಟ್ಟಿ. ಭೇಟಿಯ ದಿನ ಹೋದರೆ ಹೊಂಗೆಮರದ ಕೆಳಗೆ ಕೂತು ಅಲ್ಲಿಯವರಿಗೆಲ್ಲ ತಲೆದಿಂಬು ತುಂಬಿಕೊಡುತ್ತಿದ್ದ. ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕು, "ಅಕ್ಕಾ, ನಿನ್ನಿ ನನಗ ಕನಸ ಬಿದ್ದಿತ್ತು. ಅವ್ವ ಶ್ಯಾವಿಗಿ ಹೊಸಿಯಾಕತ್ತಿದ್ಲು," ಎಂದ. ಆ ದಿನ ನಾನು ಮನೆಗೆ ನಡೆದುಕೊಂಡೇ ಬಂದೆ. ಅಷ್ಟು ಸಂತೋಷವಾಗಿತ್ತು.

ಗೋಡೆ ಕೋಣೆ ಈಗ ಖಾಲಿಯಿತ್ತು, ಹೊರಗಿನ ಕಾವಲು ಮಾತ್ರ ಎಂದಿನಂತೆ ಇತ್ತು. ತಗ್ಗಿನ ಕನಸೂ ನಿಲ್ಲಲಿಲ್ಲ. ವರ್ಷಗಟ್ಟಲೆ ಬಿಗಿಹಿಡಿದಿದ್ದ ನಿದ್ದೆಗೆ ಮೂರು ದಿನ ಸಡಿಲು ಬಿಟ್ಟಿದ್ದೇ ತಪ್ಪಾಯಿತು. ಅಡಿವೆಪ್ಪ ಎಷ್ಟು ತಂಬಾಕು ಹಾಕಿದರೂ ಮಧ್ಯಾಹ್ನವಾದರೆ ಸ್ಟೂಲಿನ ಮೇಲೇ ಕುಸಿಯತೊಡಗಿದ. ಓಣಿಯವರಿಗೆ ಇದು ಒಗಟಾಯಿತು. ಇಮಾಮ ಹೋದರೂ ಅವನ ಕನಸು ಗೋಡೆಯಲ್ಲಿ ಉಳಿದುಕೊಂಡಿದೆ ಎಂದು ಕಾಶಪ್ಪ ಮಾಸ್ತರರು ತೀರ್ಮಾನ ಮಾಡಿದರು. ಎಲ್ಲರೂ ಸೇರಿ ಗೋಡೆಗೆ ಸುಣ್ಣ ಹೊಡೆದರು. ಲೋಬಾನದ ಹೊಗೆ ಹಾಕಿದರು. ಹಾಸಿಗೆಗಳನ್ನು ರಸ್ತೆ ಕಡೆಗೆ ಎಳೆದುಕೊಂಡರು. ನನಗೆ ನಾಲ್ಕು ಹೊಸ ಗಾದಿಗಳ ಆರ್ಡರ್ ಬಂತು, ದಪ್ಪ ಇದ್ದರೆ ಕನಸು ತಟ್ಟುವುದಿಲ್ಲವಂತೆ. ಇಂಥ ಪೆದ್ದತನ ನಮ್ಮ ಓಣಿಯವರೇ ಮಾಡಬೇಕು. ನಾನು ಅರಳೆ ಹಿಂಜಿ ಕೊಟ್ಟೆ, ಬಾಯಿ ಬಿಡಲಿಲ್ಲ. ಬಿಟ್ಟರೆ ಇಮಾಮ ಒಳಸಾಲಿಗೆ ವಾಪಸಾಗುತ್ತಾನೆ.

ಆದರೆ ಕನಸು ಬದಲಾಗುತ್ತಿತ್ತು. ಮೊದಲು ತಗ್ಗಿನಲ್ಲಿ ಸಾಮಾನುಗಳಿದ್ದವು. ಆಮೇಲೆ ಸಾಮಾನುಗಳು ಹೋಗಿ ಬರೀ ತಗ್ಗು ಉಳಿಯಿತು, ದಿನದಿನಕ್ಕೆ ಆಳವಾಯಿತು. "ಇನ್ನ ಮುಚ್ರಿ" ಎಂದ ಕೂಡಲೇ ಮೊದಲು ಎಚ್ಚರವಾಗುತ್ತಿತ್ತು. ಈಗ ಎಚ್ಚರವಾಗುವ ಮೊದಲು ಒಂದು ಹಿಡಿ ಮಣ್ಣು ತಲೆಯ ಮೇಲೆ ಬೀಳುತ್ತಿತ್ತು, ಮರುದಿನ ಎರಡು ಹಿಡಿ.

ತಾಳಲಾರದೆ ಅಡಿವೆಪ್ಪನ ಮನೆಗೆ ಹೋದೆ. ಅವನು ಡ್ಯೂಟಿಗೆ ಹೋಗಿದ್ದ. ಹೆಂಡತಿ ನೀಲವ್ವ ನನ್ನನ್ನು ಏನೂ ಕೇಳದೆ ಹಿತ್ತಿಲಿಗೆ ಕರೆದುಕೊಂಡು ಹೋದಳು. ಕನಸಿನಲ್ಲಿ ಕಂಡದ್ದೇ ಹಿತ್ತಿಲು. ಬೀಸುವ ಕಲ್ಲಿನ ಪಕ್ಕದಲ್ಲಿ ತಗ್ಗು ಇತ್ತು, ಎದೆಯುದ್ದ.

"ನುಗ್ಗಿ ಸಸಿ ಹಚ್ಚಾಕ ಅಂತಾನವ್ವ," ಎಂದಳು ನೀಲವ್ವ. "ದಿನಾ ಸಂಜಿಕೆ ಬಂದು ತೋಡತಾನ. ನುಗ್ಗಿ ಗಿಡಕ್ಕ ಇಷ್ಟ ತಗ್ಗ ಬೇಕೇನು? ಕೇಳಿದ್ರ ನಗತಾನ. ಅವನ ನಗು ನೋಡಿದ್ರ ನನಗ ಅಂಜಿಕಿ ಬರತೈತಿ."

ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಕೇಳಿಸಿಕೊಂಡು ತಗ್ಗಿನ ಅಂಚಿನಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಅವನನ್ನು ಆರೈಕೆ ಮನೆಗೆ ಸೇರಿಸಬೇಕಾದರೆ ಅವನ ಮೇಲೆ ಒಂದು ಕೇಸು ಬೇಕು. ಕೇಸು ಬಿದ್ದು ಗೋಡೆ ಕೋಣೆಗೆ ಹೋದರೆ ಇದೇ ಕನಸು ಬೀಳುತ್ತದೆ. ಒಂದೇ ಕನಸು ಇಬ್ಬರದಾಗುವುದಿಲ್ಲ, ಆಗ ಇಮಾಮನ ಆದೇಶ ಸುಳ್ಳಾಗುತ್ತದೆ. ನಾವಿಬ್ಬರೂ ಹೆಂಗಸರು ಬಹಳ ಹೊತ್ತು ಆ ತಗ್ಗನ್ನು ನೋಡುತ್ತ ಕೂತೆವು. ಒಬ್ಬರನ್ನು ಮೇಲೆತ್ತಿದರೆ ಇನ್ನೊಬ್ಬರು ಬೀಳಬೇಕು. ನೀಲವ್ವ ನನ್ನನ್ನು ಏನೂ ಬೇಡಲಿಲ್ಲ. ಬೇಡಿದ್ದರೆ ಸಿಟ್ಟಾದರೂ ಬರುತ್ತಿತ್ತು.

ಭೇಟಿಯ ದಿನ ಇಮಾಮನಿಗೆ ಹೇಳಿದೆ. ಅವನ ಕೈಯಲ್ಲಿದ್ದ ತಲೆದಿಂಬು ಹಾಗೇ ನಿಂತಿತು. "ಬ್ಯಾಡ ಅಕ್ಕಾ," ಎಂದ. "ನನ್ನ ಮತ್ತ ಅಲ್ಲಿ ಕಳಿಸಬ್ಯಾಡ. ಈಗೀಗ ಕೈ ನಡಗೂದು ನಿಂತೈತಿ." ಕೈ ಮುಂದೆ ಚಾಚಿ ತೋರಿಸಿದ. ನಿಜ, ಮೂರು ಬೆರಳೂ ನೆಟ್ಟಗೆ ನಿಂತಿದ್ದವು. ಅವನು ಸಣ್ಣ ಹುಡುಗನ ಹಾಗೆ ಅತ್ತ. ಅವನನ್ನು ಕೇಳಲು ಬಂದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬುತ್ತಿಯ ಗಂಟು ಕಟ್ಟಿಕೊಂಡು ಗೇಟಿನವರೆಗೆ ಬಂದಾಗ ಹಿಂದಿನಿಂದ ಕೂಗಿದ.

"ಯಾವ ಕೇಸ್ ಹಾಕತಿ?"

ನಾನು ತಿರುಗಿದೆ.

"ಸಣ್ಣದ ಹಾಕು," ಎಂದ. "ಅವ ಮರ್ಯಾದಿ ಮನಷ್ಯಾ." ಕೈಯಲ್ಲಿದ್ದ ತಲೆದಿಂಬಿನ ಬಾಯಿ ಹೊಲಿದು ನನಗೆ ಕೊಟ್ಟ. "ಇದನ್ನ ಅವಗ ಮುಟ್ಟಸು."

ನನ್ನ ಕಸುಬಿನಲ್ಲಿ ಕಳುವಾಗಬಹುದಾದದ್ದು ಒಂದೇ. ಒಂದು ಜೋಡಿ ಗಾದಿಯನ್ನು ನೀಲವ್ವನೂ ನಾನೂ ಹೊತ್ತುಕೊಂಡು ಹೋಗಿ ಅವರ ಪಡಸಾಲೆಯಲ್ಲಿ ಹಾಸಿದೆವು. ಆಮೇಲೆ ನಾನು ಠಾಣೆಗೆ ಹೋಗಿ ಜೈಲಿನ ಅಡಿವೆಪ್ಪ ನನ್ನ ಅಂಗಡಿಯ ಗಾದಿ ಕದ್ದಿದ್ದಾನೆ, ಅವನ ತಲೆಯೂ ನೆಟ್ಟಗಿಲ್ಲ ಎಂದು ಕೇಸು ಬರೆಸಿದೆ. ಫೌಜದಾರ ಮೊದಲು ನಕ್ಕ. ಗಾದಿ ಸಿಕ್ಕ ಮೇಲೆ ನಗಲಿಲ್ಲ. ಹಿತ್ತಿಲಿನ ತಗ್ಗನ್ನೂ ನೋಡಿ ಬಂದು, ಗೋಡೆ ಕೋಣೆಗೆ ಬರೆದ.

ಅಡಿವೆಪ್ಪನ ಖಾಕಿ ಬಿಚ್ಚಿಸಿ, ಅವನೇ ಕಾಯುತ್ತಿದ್ದ ಕೋಣೆಯಲ್ಲಿ ಕೂಡಿಸಿದರು. ಸ್ಟೂಲಿನ ಮೇಲೆ ಹೊಸ ಕಾವಲಿನವನು ಬಂದ. ಓಣಿಯಲ್ಲಿ ನನಗೆ ನೀರು ಕೊಡುವವರೂ ಇಲ್ಲವಾದರು. ಬಾಳವ್ವ ಎದುರು ಬಾಗಿಲಿನಿಂದಲೇ, "ತಮ್ಮನ್ನ ತೊಡಿ ಮ್ಯಾಲ ಇಟ್ಟಕೊಂಡ ಮನಷ್ಯಾನ ಕಳ್ಳ ಅಂತೀಯಲ್ಲ, ನಿನ್ನ ನಾಲಿಗಿ ಏನಾಗೇತಿ?" ಎಂದು ಕೇಳಿದಳು. ನಾನು ಅಂಗಡಿಯ ಬಾಗಿಲು ಎಳೆದುಕೊಂಡೆ.

ಮೊದಲ ಮಧ್ಯಾಹ್ನ ಓಣಿಗೆ ಏನೂ ಬೀಳಲಿಲ್ಲ. ಎರಡನೆಯ ಮಧ್ಯಾಹ್ನವೂ ಇಲ್ಲ. ಇನ್ನೊಂದು ದಿನ ಹೀಗೇ ಆದರೆ ಅವನು ಗಾದಿ ಕಳ್ಳನಾಗಿಯೇ ಒಳಸಾಲಿಗೆ ಹೋಗುತ್ತಿದ್ದ. ಸಂಜೆ ಬುತ್ತಿ ಹಿಡಿದು ಹೋದೆ. ಕೇಸು ಹಾಕಿದವಳೇ ಊಟ ತಂದಿದ್ದನ್ನು ಕಂಡು ಹೊಸ ಕಾವಲಿನವನು ಬುತ್ತಿಯ ಗಂಟನ್ನು ಎರಡು ಸಲ ಬಿಚ್ಚಿಸಿ ನೋಡಿದ. ಅಡಿವೆಪ್ಪ ಒಳಗೆ ನೆಟ್ಟಗೆ ಕೂತಿದ್ದ, ಕಣ್ಣು ಕೆಂಡ. ಎಚ್ಚರವಿರಲು ತೋಳನ್ನು ಚಿವುಟಿಕೊಂಡು ಗಾಯ ಮಾಡಿಕೊಂಡಿದ್ದ.

"ಯಾಕ ಮಲಗವಲ್ಲಿ?" ಎಂದೆ.

"ನಾ ಮಲಗಿದ್ರ ನಿನ್ನ ತಮ್ಮ ವಾಪಸ್ ಬರತಾನ," ಎಂದ. ನನ್ನ ಮೇಲೆ ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ. "ಮನಿಗೆ ಹೋಗು ತಂಗೆವ್ವ. ನಾ ಹೆಂಗಾರ ಇರತೀನಿ."

ತಲೆದಿಂಬನ್ನು ಸರಳಿನ ಸಂದಿಯಿಂದ ಒಳಗೆ ತಳ್ಳಿದೆ. "ಇಮಾಮ ತುಂಬ್ಯಾನ. ನಿನಗ ಮುಟ್ಟಸು ಅಂದಾನ. ಕೇಸ್ ಹಾಕಂದಾಂವನೂ ಅವನ."

ಅಡಿವೆಪ್ಪ ಆ ತಲೆದಿಂಬನ್ನು ತಿರುಗಿಸಿ ನೋಡಿದ. ಹೊಲಿಗೆ ಸೊಟ್ಟಗಿತ್ತು, ಮೂರು ಬೆರಳಿನ ಕೈಯ ಹೊಲಿಗೆ. ಅದನ್ನು ಮುಖಕ್ಕೆ ಒತ್ತಿಕೊಂಡು ಹಾಗೇ ಕೂತ. ನಾನು ಬಂದುಬಿಟ್ಟೆ.

ಮೂರನೆಯ ಮಧ್ಯಾಹ್ನ ಅವನು ಮಲಗಿದ. ಓಣಿಯೆಲ್ಲ ಆ ತಗ್ಗಿಗೆ ಇಳಿಯಿತು. "ಇನ್ನ ಮುಚ್ರಿ" ಎಂದದ್ದಾಯಿತು, ಮಣ್ಣು ಬಿತ್ತು, ಎಚ್ಚರವಾಗಲಿಲ್ಲ. ಮೊಣಕಾಲು ಮುಚ್ಚಿತು, ಎದೆ ಮುಚ್ಚಿತು, ಕುತ್ತಿಗೆಗೆ ಬಂತು. ಭಯವೂ ಆಗುತ್ತಿರಲಿಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಹಾಯೆನಿಸುತ್ತಿತ್ತು. ಚಹಾದ ಹೊತ್ತು ಮೀರಿದರೂ ಓಣಿಯಲ್ಲಿ ಒಬ್ಬರೂ ಏಳಲಿಲ್ಲ. ಹಾಲು ಕರೆಯುವವರಿಲ್ಲದೆ ಬಾಳವ್ವನ ಎಮ್ಮೆ ಒದರತೊಡಗಿತು. ಅದರ ದನಿಗೆ ಒಬ್ಬೊಬ್ಬರೇ ಎದ್ದು ಬಾಗಿಲಿಗೆ ಬಂದು ನಿಂತರು. ಇಮಾಮ ಇಲ್ಲದ ಕೋಣೆಯಿಂದ ಇಮಾಮನ ಕನಸು ಯಾಕೆ ಬರುತ್ತಿತ್ತು ಎಂಬುದು ಅವರಿಗೆ ಆಗ ಹೊಳೆಯಿತು. ಬಾಳವ್ವ ಊರುಗೋಲು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ತಂಬಿಗೆ ತೆಗೆದುಕೊಂಡು ಎಮ್ಮೆಯ ಹತ್ತಿರ ಹೋದಳು.

ಕೋರ್ಟಿನಲ್ಲಿ ಗುಮಾಸ್ತ ಇಮಾಮನ ಕೇಸಿನ ಸಾಕ್ಷಿಯನ್ನು ಓದಿದ. ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಗಲೂ ತಗ್ಗು, ಈಗಲೂ ತಗ್ಗು. ಎರಡೂ ಒಂದೇ ಕನಸೋ? ಒಂದೇ ಆಗಿದ್ದರೆ ಮೊದಲಿನ ಆದೇಶವನ್ನು ರದ್ದು ಮಾಡಬೇಕಾಗುತ್ತದೆ. ಆಲೋಚನೆ ಮಾಡಿ ಹೇಳಿ," ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಮೊದಲು ಎದ್ದವಳು ಬಾಳವ್ವ.

"ಬ್ಯಾರೆ ಕನಸ್ರಿ ಸಾಹೇಬ್ರ," ಎಂದಳು. "ಇಮಾಮಂದು ಹೊಲದಾಗಿನ ತಗ್ಗು. ಅದರಾಗ ನೀರಿತ್ತು. ಇದು ಹಿತ್ತಲದ್ದು, ಒಣಾ ತಗ್ಗು. ಎರಡೂ ಜಡ್ಡಿನ ಕನಸನ, ಆದ್ರ ಒಂದಲ್ಲ."

"ಆಗ ನೀರಿನ ಮಾತು ಹೇಳಿಲ್ಲವಲ್ಲ?"

"ಕಾಲ ನೋವಿನಾಗ ಮರತಿದ್ದೆ."

ಅವಳ ಹಿಂದೆ ಉಳಿದವರೂ ಎದ್ದರು. ಒಬ್ಬರು ನೀರು ಮೊಣಕಾಲಿನವರೆಗೆ ಇತ್ತು ಎಂದರು, ಇನ್ನೊಬ್ಬರು ದಂಡೆಯಲ್ಲಿ ಎತ್ತುಗಳಿದ್ದವು ಎಂದರು. ಕೊನೆಗೆ ಕಾಶಪ್ಪ ಮಾಸ್ತರರ ಸರದಿ. ಬೀಸುವ ಕಲ್ಲಿನಿಂದ ಚಿಲಕದವರೆಗೆ ಅವರೇ ಬರೆಸಿದ್ದು ಗುಮಾಸ್ತನ ಕೈಯಲ್ಲಿತ್ತು. ಮಾಸ್ತರರು ಕಟಕಟೆಯ ಕಟ್ಟಿಗೆಯನ್ನು ಹಿಡಿದುಕೊಂಡರು. "ಆಗ ನಾನು ಸರಿಯಾಗಿ ನೋಡಿರಲಿಲ್ಲ," ಎಂದರು. "ವಯಸ್ಸಾಯಿತು. ಎರಡೂ ಬೇರೆ." ಹೇಳಿ ಇಳಿದು ನೇರ ಹೊರಗೆ ಹೋದರು. ನ್ಯಾಯಾಧೀಶರು ನಂಬಿದರೋ, ನಂಬಿದ ಹಾಗೆ ಮಾಡಿದರೋ, ಅಡಿವೆಪ್ಪನಿಗೂ ಆರೈಕೆ ಮನೆಗೆ ಬರೆದರು.

ವ್ಯಾನು ಹತ್ತುವಾಗ ಅಡಿವೆಪ್ಪ ನನ್ನ ಮುಂದೆ ನಿಂತ. ಕಂಕುಳಲ್ಲಿ ತಲೆದಿಂಬು ಇತ್ತು. "ನನ್ನ ಕಳ್ಳನ್ನ ಮಾಡಿದಿಯಲ್ಲ ತಂಗೆವ್ವ," ಎಂದ. ಅಷ್ಟೇ. ಅದು ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಹಿತ್ತಿಲಿನ ತಗ್ಗನ್ನು ನೀಲವ್ವ ತಾನೇ ಮುಚ್ಚಿದಳು. ಅಡಿವೆಪ್ಪನ ಕೆಲಸ ಹೋಯಿತು, ಕಳುವಿನ ಕಳಂಕ ಹೊತ್ತವನಿಗೆ ಖಾಕಿ ಮತ್ತೆ ಸಿಗುವುದಿಲ್ಲ. ಅವನು ಈಗ ಔಷಧಿ ತೆಗೆದುಕೊಂಡು ಮಲಗುತ್ತಾನಂತೆ, ಮಧ್ಯಾಹ್ನವೂ ಮಲಗುತ್ತಾನಂತೆ. ಇಮಾಮ ಹೇಳುತ್ತಾನೆ. ನಾನು ಹೋದ ದಿನ ಮಾತ್ರ ಹೊಂಗೆಮರದ ಕಡೆ ಬರುವುದಿಲ್ಲ. ಬಾಳವ್ವ ನನ್ನ ಜೊತೆ ಮೊದಲಿನ ಹಾಗೆಯೇ ಜಗಳವಾಡುತ್ತಾಳೆ. ಮಾಸ್ತರರು ಮಾತ್ರ ಮಧ್ಯಾಹ್ನ ಮಲಗುವುದನ್ನು ಬಿಟ್ಟಿದ್ದಾರೆ. ಸಾಕ್ಷಿಗೆ ಕರೆ ಬಂದರೆ, ನನಗೆ ನಿದ್ದೆ ಬರುವುದಿಲ್ಲ ಎಂದು ಹೇಳಿ ಕಳಿಸುತ್ತಾರೆ.

ಇಂಥ ಸುದ್ದಿ ಎಷ್ಟು ದಿನ ಮುಚ್ಚಿರುತ್ತದೆ? ಮೊದಲು ಬಂದವನು ಸೈಕಲ್ ಅಂಗಡಿಯವನು. ಗಾದಿಯ ರೇಟು ಕೇಳಿದ, ಅರಳೆ ಮುಟ್ಟಿ ನೋಡಿದ. ಕಡೆಗೆ ತಲೆ ತಗ್ಗಿಸಿ, ತನ್ನ ಅಣ್ಣನ ಮೇಲೊಂದು ಗಾದಿ ಕಳುವಿನ ಕೇಸು ಹಾಕಲು ಆಗುತ್ತದೆಯೇ ಎಂದು ಕೇಳಿದ. ಅವನ ಹಿಂದೆ ಇನ್ನೂ ಕೆಲವರು ಬಂದರು. ಯಾರದೋ ಗಂಡ, ಯಾರದೋ ಮಗ. ಯಾರ ಮೇಲೂ ಯಾವ ಗುನ್ನೆಯೂ ಇರಲಿಲ್ಲ, ಅದೇ ಅವರ ಸಂಕಟ. ಕೆಲವರಿಗೆ ಹೂಂ ಅಂದೆ. ಫೌಜದಾರ ಈಗ ನನ್ನನ್ನು ಕಂಡರೆ ಎದ್ದು ಒಳಗೆ ಹೋಗುತ್ತಾನೆ.

ಇವತ್ತು ಉಂಡು ಬಾಗಿಲು ಎಳೆಯುವ ಹೊತ್ತಿಗೆ ಮೇಲಿನ ಪೇಟೆಯ ಹೆಂಗಸೊಬ್ಬಳು ಬಂದಳು. ಒಳ್ಳೆಯ ಸೀರೆ, ಕಾಲಿನಲ್ಲಿ ಬೇರೆ ಬೇರೆ ಜೋಡಿನ ಚಪ್ಪಲಿ.

"ನನಗ ಗಾದಿ ಬ್ಯಾಡ್ರಿ," ಎಂದಳು. "ನನ್ನ ಮಗಳ ಮ್ಯಾಲ ಒಂದು ಕೇಸ್ ಹಾಕರಿ. ಕದ್ದಾಳ ಅನ್ನರಿ. ಏನಾರ ಅನ್ನರಿ."

"ಮಧ್ಯಾಹ್ನ ನಿದ್ದಿ ಮಾಡತಾಳೇನ್ರಿ?" ಎಂದು ಕೇಳಿದೆ.

"ನಿದ್ದಿ ಬಂದಿದ್ರ ನಾ ಯಾಕ ಬರತಿದ್ದೆ," ಎಂದಳು. "ಹಗಲಿಲ್ಲ, ರಾತ್ರಿ ಇಲ್ಲ, ಕಣ್ಣ ಮುಚ್ಚಿಲ್ಲರಿ ಅಕಿ."

ಅದು ನಿಂದಲ್ಲ, ಬಿಡು ಎಂಬ ಮಾತು ಬಾಯಿತನಕ ಬಂದಿತ್ತು, ನುಂಗಿಕೊಂಡೆ. ನಿದ್ದೆಯಿಲ್ಲದವಳನ್ನು ಆ ಕೋಣೆಗೆ ಕಳಿಸಿದರೆ ಓಣಿಗೆ ಏನೂ ಬೀಳುವುದಿಲ್ಲ, ಅವಳು ಕಳ್ಳಿಯಾಗಿ ಒಳಸಾಲಿಗೆ ಹೋಗುತ್ತಾಳೆ. ಗೋಡೆಯಾಚೆ ಸ್ಟೂಲಿನ ಮೇಲೆ ಹೊಸ ಕಾವಲಿನವನು ತಂಬಾಕು ತಿಕ್ಕುತ್ತ ಎಚ್ಚರವಾಗಿ ಕೂತಿರುತ್ತಾನೆ. ಅವಳ ಬದಲು ಅಲ್ಲಿ ಮಲಗುವವರು ಈಗ ಯಾರೂ ಇಲ್ಲ. ಓಣಿಯ ಬಾಗಿಲುಗಳೆಲ್ಲ ಮುಚ್ಚಿದವು, ಊರು ನಿದ್ದೆಗೆ ಬಿತ್ತು. ಆಕೆ ಅಂಗಡಿಯ ಹೊಸ್ತಿಲಿನ ಮೇಲೆ ನಿಂತೇ ಇದ್ದಾಳೆ, ಅರ್ಧ ಎಳೆದ ಬಾಗಿಲು ಇನ್ನೂ ನನ್ನ ಕೈಯಲ್ಲೇ ಇದೆ.